ನಮ್ಮ ಮನೆಯ ಗದ್ದ

ಚಳ್ಳಕೆರೆಯಿಂದ ಭಾವ ಫೋನು ಮಾಡಿದಾಗ ನಾನು ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸೀರೆ ಹರವಿಕೊಂಡು ಕೂತಿದ್ದೆ. ಭಾವ ಎಂದರೆ ನನ್ನ ಸೋದರತ್ತೆಯ ಮಗ. ನಮ್ಮವ್ವನ ಬೀರು ಖಾಲಿ ಮಾಡುತ್ತಿದ್ದೇವೆ, ಮೇಲಿನ ಅರೆಯಲ್ಲಿ ರವಿಕೆ ಬಟ್ಟೆ ಸುತ್ತಿದ ಗಂಟೊಂದು ಸಿಕ್ಕಿದೆ, ಬಿಚ್ಚಿದರೆ ಯಾವುದೋ ಮಗುವಿನ ಹಲ್ಲಿನ ಹಾಗಿದೆ, ನಿನ್ನದೇ ಇರಬೇಕು, ಮಧ್ಯಾಹ್ನದ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ ಎಂದರು. ಸಂಜೆ ಮೊಳಕಾಲ್ಮುರಿನ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ ಕೈಯಿಂದ ಇಸಿದುಕೊಂಡು ಬಂದೆ.

ಒಳಗಿದ್ದದ್ದು ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಎರಡು ಪುಟ್ಟ ದವಡೆಗಳು. ಮೇಲಿನದೊಂದು, ಕೆಳಗಿನದೊಂದು. ಬಿಳಿ ಬಣ್ಣ ಹೋಗಿ ಹಳೆಯ ಕಾಗದದ ಬಣ್ಣಕ್ಕೆ ತಿರುಗಿದ್ದವು. ಮೂಗಿನ ಹತ್ತಿರ ಹಿಡಿದರೆ ಶೇಂಗಾ ಎಣ್ಣೆ, ವಿಭೂತಿ, ಕರ್ಪೂರ ಎಲ್ಲ ಕಲೆತ ಒಂದು ವಾಸನೆ... ಅತ್ತೆಯ ಮನೆಯ ವಾಸನೆ. ಒಂದರ ಮೇಲೊಂದು ಕೂರಿಸಿ ನೋಡಿದೆ. ಕೆಳಗಿನ ಮುಂಬಲ್ಲುಗಳು ಮೇಲಿನವನ್ನು ದಾಟಿ ಮುಂದೆ ಬಂದು ನಿಂತವು. ಎಂಟು ವರ್ಷದವಳಿದ್ದಾಗ ನನ್ನ ಬಾಯಿ ಹಾಗಿತ್ತು.

ನಮ್ಮ ಮನೆಯಲ್ಲಿ ಅದು ಹೊಸದೇನಲ್ಲ. ಗಲ್ಲಾದ ಮೇಲೆ ಈಗಲೂ ತಾತನ ಫೋಟೊ ಇದೆ. ಕೆಳದವಡೆ ಮುಂದಕ್ಕೆ ಚಾಚಿ, ಕೆಳತುಟಿ ಮೇಲ್ತುಟಿಯನ್ನು ಎತ್ತಿ ಹಿಡಿದುಕೊಂಡ ಹಾಗೆ ಕಾಣುತ್ತದೆ. ಅಪ್ಪನಿಗೂ ಅದೇ ಗದ್ದ, ಅವರು ಗಡ್ಡ ಬಿಟ್ಟಿದ್ದರಿಂದ ಅಷ್ಟಾಗಿ ಎದ್ದು ಕಾಣುತ್ತಿರಲಿಲ್ಲ. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆಗೆ ಎಲ್ಲರಿಗಿಂತ ಹೆಚ್ಚು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹಿರಿಯರು ನಮ್ಮ ಮುಖ ನೋಡಿಯೇ ಇಂಥ ಸೀರೆ ಅಂಗಡಿಯವರ ಮನೆಯವರೇನ್ರಿ ಎಂದು ಕೇಳುವುದಿತ್ತು. ಅಜ್ಜಿಗೆ ಅದೊಂದು ದೊಡ್ಡ ಹೆಮ್ಮೆ. ನನಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರತೊಡಗಿದಾಗ ಕೆಳಗಿನವು ಮುಂದೆ ಬಂದವು, ಮೇಲಿನವು ಹಿಂದೆ ಉಳಿದವು. ರಾಯದುರ್ಗದ ಕಡೆಯಿಂದ ಮದುವೆ ಸೀರೆಗೆ ಬರುವ ತೆಲುಗು ಗಿರಾಕಿಗಳು ನನ್ನ ಕೆನ್ನೆ ಹಿಂಡಿ "ಅಚ್ಚಂ ಮೇನತ್ತೇ" ಎನ್ನುತ್ತಿದ್ದರು. ಥೇಟ್ ಸೋದರತ್ತೆಯೇ ಅಂತ. ಅದನ್ನು ಕೇಳಿದರೆ ನಾನು ಹಿಗ್ಗಿ ಹೋಗುತ್ತಿದ್ದೆ. ಲೋಕದಲ್ಲಿ ಯಾರ ಹಾಗಾದರೂ ಇರಬೇಕು ಎಂದಿದ್ದರೆ ನಾನು ಅತ್ತೆಯ ಹಾಗೆಯೇ ಇರಲು ಬಯಸುತ್ತಿದ್ದೆ.

ಅತ್ತೆಯನ್ನು ಚಳ್ಳಕೆರೆಗೆ ಕೊಟ್ಟಿದ್ದರು. ಮಾವನದು ಶೇಂಗಾ ಎಣ್ಣೆ ಮಿಲ್ಲು, ಮಿಲ್ಲಿನ ಹಿಂದೆಯೇ ಮನೆ. ಗೋಡೆ, ಬಾಗಿಲು, ಹಾಸಿಗೆ ಎಲ್ಲಕ್ಕೂ ಎಣ್ಣೆಯ ಕಮಟು. ಹಬ್ಬಕ್ಕೆ, ಅಂಗಡಿಗೆ ಹೊಸ ಸರಕು ಬಂದಾಗ, ಅಥವಾ ಸುಮ್ಮನೆ ಅಪ್ಪನ ಜೊತೆ ಜಗಳವಾಡಬೇಕು ಅನಿಸಿದಾಗ ಅತ್ತೆ ಬಸ್ಸು ಹತ್ತಿ ಬರುತ್ತಿದ್ದಳು. ಸಣ್ಣ ಆಳು, ಚುರುಕು ನಡಿಗೆ. ಒಳಗೆ ಬಂದವಳೇ ನೇರ ಅಂಗಡಿಗೆ ಹೋಗಿ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಈ ಬಣ್ಣ ಯಾಕೆ ನೇಯಿಸಿದೆ, ಇದನ್ನು ಯಾರು ಉಡುತ್ತಾರೆ ಎಂದು ಶುರುಮಾಡುತ್ತಿದ್ದಳು. ಅಪ್ಪ ರೇಗುತ್ತಿದ್ದರು. ಅವಳು ನಗುತ್ತಿದ್ದಳು. ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಅದು ಅವಳು ನಗುವ ರೀತಿ ಎಂದೇ ನಾನು ತಿಳಿದಿದ್ದೆ. ನಾನೂ ಲಂಗದ ಅಂಚನ್ನೋ ಕರವಸ್ತ್ರವನ್ನೋ ಬಾಯಿಗೆ ಅಡ್ಡ ಹಿಡಿದು ನಗುವುದನ್ನು ಕಲಿತಿದ್ದೆ.

ಊಟದಲ್ಲೂ ಹಾಗೆ. ಅತ್ತೆ ಯಾವುದನ್ನೂ ಕಚ್ಚಿ ತಿನ್ನುತ್ತಿರಲಿಲ್ಲ. ರೊಟ್ಟಿಯನ್ನು ಚೂರು ಚೂರು ಮುರಿದು ಬಾಯಿಯ ಒಂದು ಪಕ್ಕಕ್ಕೆ ಹಾಕಿಕೊಳ್ಳುತ್ತಿದ್ದಳು. ಸೀಬೆಹಣ್ಣನ್ನು ಈಳಿಗೆ ಮಣೆಯಲ್ಲಿ ತೆಳ್ಳಗೆ ಹೆಚ್ಚಿಕೊಂಡು ತಟ್ಟೆಯಲ್ಲಿಟ್ಟು, ಎಲ್ಲರೂ ಎದ್ದು ಹೋದ ಮೇಲೆ ಒಬ್ಬಳೇ ಕೂತು ತಿನ್ನುತ್ತಿದ್ದಳು.

ಸಂಕ್ರಾಂತಿ ಕಳೆದ ವಾರ ಇರಬೇಕು. ಅತ್ತೆ ನಮ್ಮ ಮನೆಗೆ ಬಂದಿದ್ದಳು. ನನ್ನವ್ವ ಮಕ್ಕಳಿಗೆಲ್ಲ ಒಂದೊಂದು ಸೀಬೆಹಣ್ಣು ಕೊಟ್ಟಿದ್ದಳು. ಬೇರೆ ಮಕ್ಕಳು ಕಚ್ಚಿಕೊಂಡು ಓಡಿದರು. ನಾನು ಹಣ್ಣು ಹಿಡಿದು ಅತ್ತೆಯ ಹತ್ತಿರ ಹೋಗಿ ನಿನ್ನಂಗೆ ಹೆಚ್ಚಿ ಕೊಡು ಎಂದೆ. ಅತ್ತೆ ಹೆಚ್ಚಲು ಕೂತವಳು ತಟಕ್ಕನೆ ನಿಲ್ಲಿಸಿದಳು. ಎಲ್ಲಿ, ಹಾಗೇ ಕಚ್ಚು ಎಂದು ಹಣ್ಣನ್ನು ವಾಪಸು ಕೊಟ್ಟಳು. ಕಚ್ಚಿದೆ. ಸಿಪ್ಪೆಯ ಮೇಲೆ ಒಂದು ಗೀರು ಬಿತ್ತು, ಅಷ್ಟೇ. ಇನ್ನೊಮ್ಮೆ ಎಂದಳು. ಇನ್ನೊಂದು ಗೀರು. ಅದು ಆಟ ಎಂದುಕೊಂಡು ನಾನು ನಕ್ಕೆ, ಕೈಯಿಂದ ಬಾಯಿ ಮುಚ್ಚಿಕೊಂಡು. ಅತ್ತೆ ನಗಲಿಲ್ಲ. ನನ್ನ ಕೈಯನ್ನು ಮೆಲ್ಲಗೆ ಬಾಯಿಂದ ಸರಿಸಿ ಹಲ್ಲುಗಳನ್ನೇ ನೋಡುತ್ತ ಕೂತುಬಿಟ್ಟಳು.

ಅದಕ್ಕೆ ಕೆಲವು ತಿಂಗಳ ಹಿಂದೆ ದವಡೆಹಲ್ಲು ನೋವೆಂದು ಅತ್ತೆ ಚಳ್ಳಕೆರೆಯ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳಂತೆ. ಆ ಆಸ್ಪತ್ರೆಗೆ ವಕ್ರ ಹಲ್ಲು, ದವಡೆ ನೋಡುವ ಇನ್ನೊಬ್ಬ ಡಾಕ್ಟರು ತಿಂಗಳಿಗೆ ಎರಡು ಸಲ ದಾವಣಗೆರೆಯಿಂದ ಬರುತ್ತಿದ್ದರು. ಅವರು ಅತ್ತೆಯ ಬಾಯಿ ನೋಡಿ, ಈ ವಯಸ್ಸಿಗೆ ಮೂಳೆ ಕತ್ತರಿಸಿ ಆಪರೇಷನ್ ಮಾಡಬೇಕಷ್ಟೆ, ಏಳೆಂಟು ವರ್ಷಕ್ಕೆ ಯಾರಾದರೂ ನೋಡಿದ್ದರೆ ಮೂಳೆ ಹಸಿ ಇರುವಾಗಲೇ ಪ್ರಯತ್ನ ಮಾಡಬಹುದಿತ್ತು ಎಂದಿದ್ದರು. ಅತ್ತೆ ಮನೆಗೆ ಬಂದು ಅದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಹಣ್ಣಿನ ಮೇಲಿನ ಗೀರು ನೋಡಿದ ದಿನ ಹೇಳಿದಳು.

ಅಪ್ಪನಿಗೆ ಅದರಲ್ಲಿ ಅವಸರ ಕಾಣಲಿಲ್ಲ. ದೊಡ್ಡವಳಾಗಲಿ, ಎಲ್ಲ ಮಕ್ಕಳಿಗೂ ಹಾಕಿಸುವ ಹಾಗೆ ಹದಿನಾಲ್ಕು ಹದಿನೈದಕ್ಕೆ ಕ್ಲಿಪ್ಪು ಹಾಕಿಸಿದರಾಯಿತು ಎಂದರು. ಕ್ಲಿಪ್ಪು ಹಲ್ಲನ್ನು ಸರಿಸುತ್ತದೆ, ದವಡೆಯನ್ನಲ್ಲ, ಅಷ್ಟು ಹೊತ್ತಿಗೆ ಮೂಳೆ ಗಟ್ಟಿಯಾಗಿರುತ್ತದೆ ಎಂದು ಅತ್ತೆ ಡಾಕ್ಟರ ಮಾತನ್ನೇ ಒಪ್ಪಿಸಿದಳು. ಅಜ್ಜಿ ಮಣೆಯ ಮೇಲೆ ಕೂತಲ್ಲಿಂದಲೇ, ಇದು ನಿಮ್ಮಪ್ಪನ ಮುಖ, ಈ ಮನೆತನದ ಗುರುತು, ದೇವರು ಕೊಟ್ಟಿದ್ದನ್ನು ಯಾಕೆ ಕೆಡಿಸಬೇಕು ಎಂದಳು. ಅಪ್ಪನೂ ತಲೆಯಾಡಿಸಿದರು.

ಅತ್ತೆ ಜಗಳವಾಡುತ್ತಾಳೆ ಎಂದು ನಾನು ಕಾದಿದ್ದೆ. ಅವಳು ದನಿ ಎತ್ತರಿಸಲಿಲ್ಲ.

"ನಿಮಗೆ ಅದು ಮನೆತನದ ಗುರುತು ಕಣಪ್ಪಾ," ಎಂದಳು ಅಪ್ಪನಿಗೆ. "ನಾನು ಅದರಾಗೆ ಉಣ್ಣಬೇಕು."

ಆಮೇಲೆ, ತನ್ನ ಮದುವೆಯ ದಿನ ಬೀಗರ ಎದುರು ಪಂಕ್ತಿಯಲ್ಲಿ ಕೂತಾಗ ಯಾರಾದರೂ ಬಾಯಿ ನೋಡುತ್ತಾರೆಂದು ಒಂದು ತುತ್ತೂ ತಿನ್ನದೆ ಎದ್ದಿದ್ದನ್ನು ಹೇಳಿದಳು. ಅದನ್ನು ಅಜ್ಜಿಯೂ ಕೇಳಿರಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದಿದ್ದೆಯಲ್ಲೇ ಎಂದಳು ಅಜ್ಜಿ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ, ದೊಡ್ಡವರ ಮಾತಿನ ನಡುವೆ ಬಾಯಿ ಹಾಕದವಳು, ಅವತ್ತು ಮುಂದೆ ಬಂದು "ಕರ್ಕೊಂಡು ಹೋಗ್ರಕ್ಕಾ" ಎಂದಳು. ಅಪ್ಪ ಎದ್ದು ಅಂಗಡಿಗೆ ಹೋದರು. ಅವರು ಬೇಡ ಎನ್ನಲಿಲ್ಲ, ಅದೇ ಒಪ್ಪಿಗೆ.

ದಾವಣಗೆರೆಯ ಆ ಡಾಕ್ಟರು ಇನ್ನೂ ಎಳೆಯ ವಯಸ್ಸಿನವರು, ಮೆಲುದನಿ. ತಮ್ಮ ಎರಡು ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು. ಕೆಳಗಿನ ಕೈ ಮುಂದೆ ಹೋಗಿಲ್ಲ, ಮೇಲಿನ ಕೈಯೇ ಹಿಂದೆ ಉಳಿದಿದೆ, ಇವಳ ಮೇಲ್ದವಡೆ ಬೆಳೆಯುವುದರಲ್ಲಿ ಸೋಮಾರಿ, ಅದನ್ನು ಸ್ವಲ್ಪ ಎಬ್ಬಿಸಬೇಕು ಎಂದರು. ಗುಲಾಬಿ ಬಣ್ಣದ ಪುಡಿಯನ್ನು ನೀರಲ್ಲಿ ಕಲಸಿ ತಟ್ಟೆಯಂಥದ್ದರಲ್ಲಿ ತುಂಬಿ ನನ್ನ ಬಾಯಿಗೆ ಒತ್ತಿದರು. ವಾಂತಿ ಬರುವಂತಾಯಿತು. ಅತ್ತೆ ನನ್ನ ಪಾದ ಹಿಡಿದುಕೊಂಡು ಕಾಲ್ಬೆರಳು ಆಡಿಸು, ಆಡಿಸ್ತಾ ಇರು ಎನ್ನುತ್ತಿದ್ದಳು. ಆಡಿಸಿದೆ. ಅಳತೆ ಬಂತು. ಅದರಲ್ಲಿ ಪ್ಲಾಸ್ಟರು ಹೊಯ್ದು ಮಾಡಿದ ಅಚ್ಚನ್ನು ಮುಂದಿನ ಸಲ ನೋಡಿದಾಗ ಅತ್ತೆ, ಕೆಲಸ ಮುಗಿದ ಮೇಲೆ ಇದನ್ನು ನನಗೆ ಕೊಡಿ ಎಂದು ಕೇಳಿಕೊಂಡಳು.

ಚಿಕಿತ್ಸೆ ಎರಡು ತೆರ. ಮೊದಲು ಅಂಗುಳಿಗೆ ಅಂಟಿಸುವ ಒಂದು ಪ್ಲೇಟು, ಅದರ ನಡುವೆ ಸಣ್ಣ ತಿರುಪು. ಮನೆಯಲ್ಲಿ ಯಾರಾದರೂ ಕೀಲಿ ಹಾಕಿ ದಿನಾ ಒಂದಿಷ್ಟು ತಿರುಗಿಸಬೇಕು, ಆಗ ಅಂಗುಳ ಅಗಲವಾಗುತ್ತದೆ. ಅದರ ಜೊತೆಗೆ ಮುಖಕ್ಕೆ ಒಂದು ಮಾಸ್ಕು. ಹಣೆಗೊಂದು, ಗದ್ದಕ್ಕೊಂದು ಮೆತ್ತೆ, ನಡುವೆ ಕಂಬಿ. ಕಂಬಿಯಿಂದ ಬಾಯೊಳಗಿನ ಕೊಕ್ಕೆಗೆ ರಬ್ಬರು ಹಾಕಿದರೆ ಅದು ಮೇಲ್ದವಡೆಯನ್ನು ಮುಂದಕ್ಕೆ ಎಳೆಯುತ್ತದೆ. ಶಾಲೆಯಿಂದ ಬಂದಾಗಿನಿಂದ ಬೆಳಗಿನವರೆಗೆ ಹಾಕಿಕೊಂಡೇ ಇರಬೇಕು. ಇಷ್ಟೆಲ್ಲ ಹೇಳಿ ಡಾಕ್ಟರು ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿದರು. ಇದು ಮನೆಯವರಿಂದ ಬಂದ ದವಡೆ, ಈಗ ಸರಿಹೋದರೂ ಮೈನೆರೆಯುವ ವಯಸ್ಸಿನಲ್ಲಿ ಕೆಳದವಡೆ ಮತ್ತೆ ಮುಂದೆ ಬರಬಹುದು, ಬಾರದೆಯೂ ಇರಬಹುದು, ಈಗಲೇ ಖಾತ್ರಿ ಕೊಡಲಾರೆ ಎಂದರು.

"ಕಚ್ಚಿ ತಿನ್ನೋಕೆ ಆಗ್ತೈತಾ?" ಅತ್ತೆ ಕೇಳಿದ್ದು ಅದೊಂದೇ.

ಆಗಬಹುದು ಎಂದರು ಡಾಕ್ಟರು. ಹಾಗಾದರೆ ಮಾಡಿ ಎಂದಳು ಅತ್ತೆ.

ಅಂಗಡಿ ಮುಚ್ಚಿ ಅಪ್ಪ ಅವ್ವ ಮನೆ ಸೇರುವ ಹೊತ್ತಿಗೆ ನಾನು ನಿದ್ದೆ ಹೋಗಿರುತ್ತಿದ್ದೆ. ದಿನವೂ ಕೀಲಿ ತಿರುಗಿಸಿ, ಮಾಸ್ಕು ಹಾಕಿ, ರಬ್ಬರು ಬದಲಿಸಿ ನೋಡಿಕೊಳ್ಳುವುದು ಅಲ್ಲಿ ಆಗದ ಮಾತು. ಆ ಜೂನ್‌ನಲ್ಲಿ ನನ್ನನ್ನು ಚಳ್ಳಕೆರೆಯ ಶಾಲೆಗೆ ಸೇರಿಸಿದರು. ನಾನು ಅತ್ತೆಯ ಮನೆಗೆ ಹೋದೆ.

ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಕೀಲಿಯ ಹೊತ್ತು. ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಬಾಯಿ ತೆರೆಯಬೇಕು. ಭಾವ ಟಾರ್ಚು ಹಿಡಿಯುತ್ತಿದ್ದರು. ಕೀಲಿ ಎಂದರೆ ಒಂದು ಸಣ್ಣ ಕಡ್ಡಿ. ಜಾರಿ ಗಂಟಲಿಗೆ ಹೋದೀತೆಂದು ಅದಕ್ಕೆ ರೇಷ್ಮೆ ದಾರ ಕಟ್ಟಿ ಇನ್ನೊಂದು ತುದಿಯನ್ನು ತನ್ನ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮೊದಲ ದಿನ ಒಮ್ಮೆ ತಿರುಗಿಸಿ ನಿಲ್ಲಿಸಿದಳು. ನನಗೆ ನೋವಾಯಿತಾ ಎಂದು ಕೇಳಿದಳು. ಮೂಗಿನ ಬುಡದಲ್ಲಿ ಯಾರೋ ಒತ್ತಿದ ಹಾಗೆ ಇತ್ತು, ನೋವಲ್ಲ. ಆದರೆ ಅತ್ತೆಯ ಹಣೆಯ ಮೇಲೆ ಬೆವರಿತ್ತು.

ಕೆಲವು ದಿನಗಳಾದ ಮೇಲೆ ಮೇಲಿನ ಎರಡು ಮುಂಬಲ್ಲುಗಳ ನಡುವೆ ಸಂದು ಬಿಟ್ಟುಕೊಂಡಿತು. ಕನ್ನಡಿಯಲ್ಲಿ ನೋಡಿ ನಾನು ಗೊಳೋ ಎಂದು ಅತ್ತುಬಿಟ್ಟೆ. ಇದ್ದ ಹಲ್ಲೂ ಹಾಳಾಯಿತು ಎಂದುಕೊಂಡು ಅತ್ತೆಯೂ ಬೆದರಿದಳು. ಮಿಲ್ಲಿನ ಫೋನಿನಿಂದ ದಾವಣಗೆರೆಗೆ ಫೋನು ಹಚ್ಚಿದಳು. ಅದೇ ಒಳ್ಳೆಯ ಲಕ್ಷಣ, ಅಂಗುಳ ಬಿಚ್ಚಿಕೊಂಡಿದೆ, ಸಂದು ತಾನಾಗಿ ಕೂಡಿಕೊಳ್ಳುತ್ತದೆ ಎಂದರಂತೆ ಡಾಕ್ಟರು. ಫೋನಿಟ್ಟು ಬಂದ ಅತ್ತೆ ನನ್ನನ್ನು ಅಪ್ಪಿಕೊಂಡು, ಒಳ್ಳೇದಂತೆ ಕಣೇ, ಒಳ್ಳೇದಂತೆ ಎಂದು ಹೇಳುತ್ತಲೇ ಇದ್ದಳು. ಆಗ ಅವಳೂ ಅತ್ತಿದ್ದಳೇನೋ... ಸರಿಯಾಗಿ ನೆನಪಿಲ್ಲ.

ಕೀಲಿಗಿಂತ ಕಷ್ಟವಾದದ್ದು ಮಾಸ್ಕು. ಚಳ್ಳಕೆರೆಯ ಸೆಕೆಗೆ ಗದ್ದದ ಮೆತ್ತೆಯ ಕೆಳಗೆ ಚರ್ಮ ಕೆಂಪಾಗಿ ಗುಳ್ಳೆ ಏಳುತ್ತಿತ್ತು. ಅತ್ತೆ ನಮ್ಮ ಅಂಗಡಿಯಿಂದ ಉಳಿಕೆ ರೇಷ್ಮೆ ತುಂಡುಗಳನ್ನು ತರಿಸಿ ಮೆತ್ತೆಗಳಿಗೆ ಒಗೆದು ಹಾಕುವಂಥ ಗವಸು ಹೊಲಿದಳು. ಹಸಿರು ಒಂದು, ಕುಂಕುಮದ ಬಣ್ಣದ್ದು ಒಂದು, ಜರಿಯ ಅಂಚಿನದು ಶುಕ್ರವಾರಕ್ಕೆ. ಕೊಬ್ಬರಿ ಎಣ್ಣೆ ಸವರಿ, ಗವಸು ಹಾಕಿ, ರಬ್ಬರು ಸಿಕ್ಕಿಸಿ, ಹಗುರಾಗಿ ತಲೆ ಸವರುತ್ತಿದ್ದಳು. ಆದರೂ ಮನೆಯ ಹೊರಗೆ ಹೋಗಲು ನಾನು ಒಪ್ಪುತ್ತಿರಲಿಲ್ಲ. ಮಿಲ್ಲಿನ ಆಳುಗಳು ಇಣುಕಿದರೆ ಕೋಣೆ ಸೇರುತ್ತಿದ್ದೆ. ನನ್ನಿಂದಾಗಿ ಅತ್ತೆಯೂ ಸಂಜೆ ಹೊರಗೆ ಹೋಗುವುದು ನಿಂತಿತು.

ಒಂದು ಸಂಜೆ ಕರೆಂಟು ಹೋಯಿತು. ಒಳಗೆ ಕೂರಲಾಗದ ಸೆಕೆ. ಬೀದಿಯವರೆಲ್ಲ ಜಗಲಿಗೆ ಬಂದು ಕೂತಿದ್ದರು. ನಾನು ಬೆವರಿನಲ್ಲಿ ತೊಯ್ದರೂ ಬಾಗಿಲ ಹಿಂದಿನಿಂದ ಕದಲಲಿಲ್ಲ. ಎಲ್ಲ ನೋಡ್ತಾರೆ ಎಂದೆ. ಅತ್ತೆ ಸೆರಗನ್ನು ಎಳೆದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

"ನಾನೂ ಮುಚ್ಚಿಕೊಳ್ಳಾದಿಲ್ಲ, ನೀನೂ ಮುಚ್ಚಿಕೊಬ್ಯಾಡ. ನಡಿ," ಎಂದಳು.

ಇಬ್ಬರೂ ಜಗಲಿಯ ಮೇಲೆ ಕೂತೆವು. ನನ್ನ ಮುಖದ ಮೇಲೆ ಕಂಬಿ, ಹಸಿರು ರೇಷ್ಮೆ. ಅತ್ತೆಯ ಮುಖದ ಮೇಲೆ ಏನೂ ಇಲ್ಲ. ಎದುರುಮನೆಯಾಕೆ ಕಂದೀಲು ಹಿಡಿದು ಬಂದು, ಇದೇನಕ್ಕಾ, ಕೂಸಿಗೆ ಏನಾಗೈತೆ ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ. ಅತ್ತೆ ಕಂದೀಲಿನ ಬೆಳಕಿಗೆ ತನ್ನ ಮುಖವನ್ನು ಪಕ್ಕಕ್ಕೆ ತಿರುಗಿಸಿ ತೋರಿಸಿದಳು.

"ಇಲ್ಲಿ ನೋಡು, ನಂಗೂ ಇದೇ ಐತೆ. ಕೆಳಗಿನದು ಮುಂದೆ, ಮೇಲಿನದು ಹಿಂದೆ. ನನ್ನ ಕಾಲಕ್ಕೆ ಯಾರಿಗೂ ಗೊತ್ತಿರಲಿಲ್ಲ. ಇವಳಿಗೆ ಹೊತ್ತಿಗೆ ಸರಿಯಾಗಿ ಗೊತ್ತಾತು."

ಅಷ್ಟು ವರ್ಷ ಎದುರು ಬದುರು ಇದ್ದವರು ಅತ್ತೆಯ ಬಾಯಿಯನ್ನು ಸರಿಯಾಗಿ ಕಂಡಿದ್ದು ಅವತ್ತೇ ಇರಬೇಕು. ಎದುರುಮನೆಯಾಕೆ ನೋಡಿದಳು, ಹೂಂ ಎಂದಳು, ಪಕ್ಕದಲ್ಲೇ ಕೂತು ತನ್ನ ಮೊಮ್ಮಗನ ಬೆರಳು ಚೀಪುವ ಅಭ್ಯಾಸದ ಕಥೆ ಶುರುಮಾಡಿದಳು. ಕರೆಂಟು ಬರುವವರೆಗೂ ಮಾತು ಅದೇ. ಮುಂದೆ ಆ ಹುಡುಗನನ್ನೂ ಅದೇ ಡಾಕ್ಟರಿಗೆ ತೋರಿಸಿದರು. ಮಾರನೆಯ ಸಂಜೆಯಿಂದ ನಾನು ಮಾಸ್ಕು ಹಾಕಿಕೊಂಡೇ ಜಗಲಿಯ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡತೊಡಗಿದೆ. ಅತ್ತೆಯ ಸೆರಗು ಮಾತ್ರ ಕೆಲವು ದಿನ ಸೊಂಟದಲ್ಲಿರುತ್ತಿತ್ತು, ಕೆಲವು ದಿನ ಮತ್ತೆ ಬಾಯಿಗೆ ಹೋಗುತ್ತಿತ್ತು. ಇಷ್ಟು ವರ್ಷದ ಅಭ್ಯಾಸ ಒಂದೇ ದಿನಕ್ಕೆ ಬಿಡುತ್ತದೆಯೇ...

ಅರ್ಧ ವರ್ಷ ಕಳೆದಿರಬೇಕು. ಮಾವನ ಕಡೆಯ ನೆಂಟರೊಬ್ಬರು ಬಂದವರು ನನ್ನನ್ನು ನೋಡಿ, ಮುಖ ಎಷ್ಟು ಬದಲಾಗಿದೆ, ಈಗ ಅತ್ತೆಯ ಹೋಲಿಕೆಯೇ ಕಾಣುವುದಿಲ್ಲ ಎಂದು ಮೆಚ್ಚಿ ನುಡಿದರು. ನಾನು ಹಲ್ಲು ಸರಿಹೋಗುತ್ತದೆ ಎಂದಷ್ಟೇ ತಿಳಿದಿದ್ದೆ. ಅತ್ತೆಯ ಹಾಗೆ ಇರುವುದು ತಪ್ಪಿಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅವತ್ತು ಸಂಜೆ ಮಾಸ್ಕು ಬೇಡವೆಂದು ಹಟ ಹಿಡಿದೆ. ನೋವಾ ಎಂದಳು ಅತ್ತೆ, ಅಲ್ಲ ಎಂದೆ. ಶಾಲೆಯಲ್ಲಿ ಯಾರಾದರೂ ಅಂದರಾ ಎಂದಳು, ಇಲ್ಲ ಎಂದೆ. ಕೊನೆಗೆ ಬಿಕ್ಕುತ್ತ, ನಾನು ನಿನ್ನಂಗೇ ಇರಬೇಕು ಎಂದೆ.

ಅತ್ತೆ ಮೊದಲು ನಕ್ಕಳು. ಆಮೇಲೆ ಮಾಸ್ಕನ್ನು ಪಕ್ಕಕ್ಕಿಟ್ಟು ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಈ ಗದ್ದವನ್ನು ಬೇಕು ಎಂದು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲವೇನೋ ಎಂದು ನನಗೆ ಈಗ ಅನಿಸುತ್ತದೆ.

"ನನ್ನಂಗೆ ಇರಾಕೆ ಬ್ಯಾರೆ ಬೇಕಾದಷ್ಟು ಐತೆ ಮಗಾ," ಎಂದಳು. "ನನ್ನಂಗೆ ಸೀರೆ ನೋಡಾದು ಕಲಿ. ನನ್ನಂಗೆ ನಿಮ್ಮಪ್ಪನ ಕೂಡ ಜಗಳ ಆಡು. ಇದೊಂದು ನನ್ನ ಹತ್ರಾನೇ ಇರ್ಲಿ ಬಿಡು."

ನಾನು ಒಪ್ಪಿದೆನೋ, ಅತ್ತು ಸುಸ್ತಾಗಿದ್ದೆನೋ, ಅವಳು ರಬ್ಬರು ಸಿಕ್ಕಿಸುವಾಗ ಸುಮ್ಮನೆ ಮುಖ ಕೊಟ್ಟೆ. ಅದಾದ ಮೇಲೆ ಪ್ರತಿ ಭಾನುವಾರ ಅವಳು ತನ್ನ ಸೀರೆಗಳನ್ನೆಲ್ಲ ಹಾಸಿಗೆಯ ಮೇಲೆ ಹರವಿ, ಕಣ್ಣು ಮುಚ್ಚಿ ಮುಟ್ಟಿ ನೋಡು, ಯಾವುದು ಯಾವುದು ಹೇಳು ಎಂದು ಕಲಿಸತೊಡಗಿದಳು. ಇವತ್ತು ಅಂಗಡಿಯಲ್ಲಿ ಕೂತು ನಾನು ಮಾಡುವುದು ಅದೇ ಕೆಲಸ.

ಮುಂದಿನ ಮಳೆಗಾಲದ ಹೊತ್ತಿಗೆ ಮೇಲಿನ ಹಲ್ಲುಗಳು ಕೆಳಗಿನವನ್ನು ದಾಟಿ ಮುಂದೆ ಬಂದವು. ಡಾಕ್ಟರು ತೃಪ್ತಿಯಿಂದ ನೋಡಿ, ಪ್ಲೇಟು ತೆಗೆದು, ರಾತ್ರಿ ಮಾತ್ರ ಹಾಕಿಕೊಳ್ಳುವಂಥ ಬೇರೆಯೊಂದನ್ನು ಕೊಟ್ಟರು. ಪ್ಲಾಸ್ಟರಿನ ಅಚ್ಚನ್ನು ಅತ್ತೆ ಮರೆಯದೆ ಕೇಳಿ ಪಡೆದಳು. ಆಸ್ಪತ್ರೆಯಿಂದ ನೇರ ಬಸ್ ಸ್ಟ್ಯಾಂಡಿಗೆ ಹೋದೆವು. ನನ್ನನ್ನು ಊರಿಗೆ ಬಿಟ್ಟುಬರುವುದಿತ್ತು. ಅಲ್ಲಿ ಗಾಡಿಯವನೊಬ್ಬ ಮೆಕ್ಕೆಜೋಳದ ತೆನೆ ಸುಡುತ್ತಿದ್ದ. ಅತ್ತೆ ಒಂದು ಕೊಂಡು ಉಪ್ಪು ಖಾರ ಹಚ್ಚಿಸಿ ನನ್ನ ಕೈಗೆ ಕೊಟ್ಟಳು. ಎಂದೂ ಕಾಳು ಬಿಡಿಸಿಕೊಂಡೇ ತಿಂದವಳು ನಾನು. ಅವತ್ತು ಹಾಗೇ ಬಾಯಿಗಿಟ್ಟು ಕಚ್ಚಿದೆ. ಕಾಳುಗಳು ಸಾಲಾಗಿ ಕಿತ್ತು ಬಂದವು. ಇನ್ನೊಮ್ಮೆ ಕಚ್ಚಿದೆ. ಅತ್ತೆ ನನ್ನ ಕೈಯಿಂದ ತೆನೆ ಇಸಿದುಕೊಂಡು, ಹಲ್ಲು ಬಿದ್ದ ಜಾಗವನ್ನು ಹೊರಳಿಸಿ ಹೊರಳಿಸಿ ನೋಡಿದಳು. ಬಸ್ಸು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಕಂಡಕ್ಟರು ಕೂಗಿ ಕರೆದ ಮೇಲೆ ಹತ್ತಿದೆವು. ದಾರಿಯ ತಳಕು ಊರು ದಾಟುವವರೆಗೂ ನಾನು ಆ ತೆನೆ ತಿನ್ನುತ್ತಲೇ ಇದ್ದೆ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ನಾನು ರೊಟ್ಟಿ ಕಚ್ಚುವುದನ್ನೇ ನೋಡುತ್ತಿದ್ದ ಅಪ್ಪ, ತಮ್ಮ ತಟ್ಟೆಯ ಕಡಲೆಪಲ್ಯವನ್ನೆಲ್ಲ ಅತ್ತೆಯ ತಟ್ಟೆಗೆ ಬಡಿಸಿದರು. ಅವರಿಗೆ ತಿಳಿದಿದ್ದ ಕ್ಷಮೆ ಕೇಳುವ ರೀತಿ ಅದು.

ಡಾಕ್ಟರು ಹೇಳಿದ್ದ ಇನ್ನೊಂದು ಮಾತೂ ನಿಜವಾಯಿತು. ಹದಿಮೂರು ಹದಿನಾಲ್ಕರಲ್ಲಿ ನಾನು ಉದ್ದಕ್ಕೆ ಬೆಳೆಯತೊಡಗಿದಾಗ ಗದ್ದವೂ ಮೆಲ್ಲಗೆ ಮುಂದೆ ಬರತೊಡಗಿತು. ಅತ್ತೆಗೆ ಅದೊಂದೇ ಚಿಂತೆ. ಪ್ರತಿ ಸಲ ಚಳ್ಳಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತು ನನ್ನನ್ನೂ ಅವ್ವನನ್ನೂ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದಳು. ಒಂದಷ್ಟು ಕಾಲ ಕ್ಲಿಪ್ಪು ಹಾಕಿದರು. ಕೊನೆಗೆ ಬೆಳವಣಿಗೆ ನಿಂತ ಮೇಲೆ ನೋಡಿ, ಹಲ್ಲು ತಮ್ಮ ಜಾಗ ಬಿಟ್ಟಿಲ್ಲ, ಕಚ್ಚು ಸರಿಯಾಗಿ ಕೂರುತ್ತದೆ, ಗದ್ದ ಒಂಚೂರು ಮುಂದಿದೆ, ಅದನ್ನು ಮುಟ್ಟುವ ಅಗತ್ಯವಿಲ್ಲ ಎಂದರು. ಅತ್ತೆ ನಿಟ್ಟುಸಿರು ಬಿಟ್ಟಳು. ನಾನೂ ಬಿಟ್ಟೆ. ಆ ಒಂಚೂರು ಉಳಿದದ್ದು ನನಗೆ ಖುಷಿಯೇ ಆಗಿತ್ತು.

ವಯಸ್ಸಾದಂತೆ ಅತ್ತೆಯ ಹಲ್ಲುಗಳು ಒಂದೊಂದಾಗಿ ಅಲುಗಾಡಿ ಬಿದ್ದವು. ಭಾವ ಹಟ ಮಾಡಿ ಹಲ್ಲಿನ ಸೆಟ್ಟು ಮಾಡಿಸಿದರು. ಅದನ್ನು ಹಾಕಿಕೊಂಡು ಅವಳು ಮೊಳಕಾಲ್ಮುರಿಗೆ ಬಂದ ದಿನ ಬಸ್ಸಿನಿಂದ ಇಳಿದವಳನ್ನು ನಾನು ಒಂದು ಗಳಿಗೆ ಗುರುತಿಸಲಿಲ್ಲ. ಮೇಲಿನ ಹಲ್ಲು ಮುಂದೆ, ಕೆಳಗಿನದು ಹಿಂದೆ, ಎಲ್ಲರ ಹಾಗೆ. ಅಂಗಡಿಗೆ ಬಂದು ಕೂತವಳು ಹಲ್ಲಿನ ಸೆಟ್ಟನ್ನು ಬಿಚ್ಚಿ ಸ್ಟೀಲಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಹಾಕಿಕೊಂಡರೆ ಕನ್ನಡಿಯಲ್ಲಿ ಯಾರೋ ಬೇರೆಯವರು ಕಾಣುತ್ತಾರೆ, ನುಂಗುವ ಮುದ್ದೆಗೆ ಹಲ್ಲು ಯಾಕೆ ಎಂದು ನಕ್ಕಳು. ಮತ್ತೆ ನನ್ನನ್ನು ಯಾಕೆ ಅಷ್ಟೆಲ್ಲ ಓಡಾಡಿಸಿದೆ ಎಂದು ನಾನು ಛೇಡಿಸಿದೆ.

"ನಿನ್ನ ಮುಖ ಬದಲಾಯಿಸಾಕಲ್ಲ ಕಣೇ," ಎಂದಳು. "ನೀನು ಯಾರ ಎದುರಾದ್ರೂ ಕೂತು ಹೊಟ್ಟೆ ತುಂಬ ಉಣ್ಣಲಿ ಅಂತ."

ನನ್ನ ಮದುವೆಯಲ್ಲಿ ಬೀಗರ ಪಂಕ್ತಿಯ ಎದುರಿನಲ್ಲೇ ನನ್ನನ್ನು ಕೂರಿಸಿ, ಪಕ್ಕದಲ್ಲಿ ನಿಂತು ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿದವಳು ಅತ್ತೆ. ಅವ್ವ ಸಾಕು ಬಿಡ್ರಕ್ಕಾ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಜ್ವರ ಎಂದು ಮಲಗಿದವಳು ಮತ್ತೆ ಏಳಲಿಲ್ಲ. ಜ್ವರದ ಸುದ್ದಿ ತಿಳಿದು ಹೋಗಿದ್ದೆ. ನನ್ನ ಕೈಯಿಂದ ಗಂಜಿ ಕುಡಿದಳು. ಮಾತು ಆಗಲೇ ತೊದಲುತ್ತಿತ್ತು. ಮಳೆ ಬಂತಾ, ಅಂಗಡಿಯಲ್ಲಿ ವ್ಯಾಪಾರ ಹೇಗಿದೆ, ಅಂಥವೇ ಮಾತು... ನಾನು ಊರಿಗೆ ಮರಳಿದ ಎರಡು ದಿನಕ್ಕೆ ಭಾವನ ಫೋನು ಬಂತು.

ಚಿಕಿತ್ಸೆ ಮುಗಿದು ಎಷ್ಟೋ ವರ್ಷಗಳಾದ ಮೇಲೂ ಅತ್ತೆ ಒಂದು ಅಭ್ಯಾಸ ಬಿಟ್ಟಿರಲಿಲ್ಲ. ನಾನು ಅವಳ ಮನೆಗೆ ಹೋದರೆ ಚಪ್ಪಲಿ ಬಿಡುವುದಕ್ಕೂ ಪುರಸೊತ್ತು ಕೊಡದೆ, ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ, ಗದ್ದ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದಳು. ನಾನು ಮದುವೆಯಾದೆ, ಅಂಗಡಿಯ ಯಜಮಾನಿಯಾದೆ, ನನ್ನ ಗಂಡ ಪಕ್ಕದಲ್ಲೇ ನಿಂತಿದ್ದರೂ ಬಿಡುತ್ತಿರಲಿಲ್ಲ. ನೋಡಿ ಆದ ಮೇಲೆ ಹೂಂ, ಸರಿ ಐತೆ, ಬಾ ಉಣ್ಣು ಎಂದು ಒಳಗೆ ಹೋಗುತ್ತಿದ್ದಳು.

ಮೊನ್ನೆ ಒಂದು ಕೆಲಸಕ್ಕೆ ಚಳ್ಳಕೆರೆಗೆ ಹೋದವಳು ಭಾವನ ಮನೆಗೂ ಹೋಗಿ ಬಂದೆ. ಭಾವನ ಹೆಂಡತಿ ಪ್ರೀತಿಯಿಂದ ಕರೆದಳು, ಒಳಗೆ ಬಾ, ಬಿಸಿಲು ಎಂದಳು. ಎಲ್ಲರನ್ನೂ ವಿಚಾರಿಸಿದಳು, ಕಾಫಿ ಮಾಡಿಕೊಟ್ಟಳು. ಚೆನ್ನಾಗಿಯೇ ನೋಡಿಕೊಂಡರು. ಆದರೂ ಒಳಗೆ ಹೋಗುವ ಮೊದಲು ನಾನು ಬಾಗಿಲಲ್ಲಿ ಒಂದು ಗಳಿಗೆ ಹಾಗೇ ನಿಂತಿದ್ದೆ, ಬೆಳಕಿನ ಕಡೆ ಮುಖ ಮಾಡಿಕೊಂಡು. ಯಾರೂ ಬರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ.